ಕಲ್ಲು ಬಿಟ್ಟ ಕಡೆ ದಾರಿ: ವೈಟ್ ರಿಮ್ ಸುತ್ತ ಒಂದು ದಿನ, ಒಬ್ಬಳೇ, ಸೈಕಲ್ ಮೇಲೆ

(ಸೈಕಲ್ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಜನ ಭಾನುವಾರ ಬೆಳಗಾದರೆ ನಂದಿ ಬೆಟ್ಟದ ಕಡೆ ಹೊರಡುವವರು, ಅಲ್ವಾ? ನಿಮಗೆ ಹತ್ತೋದು ಮೊದಲು, ಇಳಿಯೋದು ಆಮೇಲೆ. ಸುಸ್ತಾದರೆ ಅರ್ಧದಲ್ಲೇ ಸೈಕಲ್ ತಿರುಗಿಸಬಹುದು, ಗಾಲಿ ತಾನಾಗಿ ಉರುಳಿಕೊಂಡು ಕೆಳಗೆ ಬರುತ್ತದೆ. ಕಣಿವೆ ಸೀಮೆಯಲ್ಲಿ ಈ ಲೆಕ್ಕ ಉಲ್ಟಾ. ಅಲ್ಲಿ ಕಾರು ನಿಲ್ಲಿಸೋದೇ ಮೇಲೆ. ಬೆಳಿಗ್ಗೆ, ಮೈಯಲ್ಲಿ ಕಸುವು ಇರುವಾಗ ಇಳಿಯುತ್ತೀರಿ. ಸಂಜೆ, ಕಾಲು ಸೋತು, ಬಾಟಲಿ ಹಗುರಾದ ಮೇಲೆ ಹತ್ತುತ್ತೀರಿ. ಬೇಡ ಅಂದರೂ ಹತ್ತಲೇಬೇಕು.

ನಾನು ಹೇಳುತ್ತಿರೋದು ಅಮೆರಿಕದ ಯೂಟಾ ರಾಜ್ಯದ ಕ್ಯಾನ್ಯನ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್ ಬಗ್ಗೆ. ಸಾಲ್ಟ್ ಲೇಕ್ ಸಿಟಿಯಿಂದ ಕಾರಿನಲ್ಲಿ ನಾಲ್ಕು ಗಂಟೆ ದೂರದಲ್ಲಿ ಮೋಆಬ್ ಅಂತ ಒಂದು ಸಣ್ಣ ಊರಿದೆ, ಅದರ ಪಕ್ಕ. ಕೊಲರಾಡೋ ಮತ್ತು ಗ್ರೀನ್ ಅನ್ನೋ ಎರಡು ನದಿಗಳು ಇಲ್ಲಿ ಕೂಡುತ್ತವೆ. ಎರಡರ ನಡುವೆ ಸಿಕ್ಕಿಕೊಂಡ ನೆಲ ಒಂದು ಎತ್ತರದ ಸಪಾಟು ಬಯಲು, ಸಮುದ್ರ ಮಟ್ಟದಿಂದ ಸುಮಾರು 6,000 ಅಡಿ. ಐಲ್ಯಾಂಡ್ ಇನ್ ದ ಸ್ಕೈ ಅಂತ ಅದರ ಹೆಸರು. ಅದರ ಅಂಚಿನಿಂದ ಸುಮಾರು 1,200 ಅಡಿ ಕೆಳಗೆ, ಹಳೇ ಮನೆಯ ಸುತ್ತ ಜಗಲಿ ಇರುತ್ತದಲ್ಲ, ಹಾಗೆ ಬಿಳಿ ಮರಳುಗಲ್ಲಿನ ಒಂದು ಚಾಚು ಹಬ್ಬಿದೆ. ಅದೇ ವೈಟ್ ರಿಮ್. ಅದರಿಂದ ಇನ್ನೂ 1,000 ಅಡಿ ಕೆಳಗೆ ನದಿ. ರಸ್ತೆ ಈ ಜಗಲಿ ಹಿಡಿದು ಹೋಗುತ್ತದೆ. ಮೇಲಿನ ಡಾಂಬರು, ಮಣ್ಣು ರಸ್ತೆ ಎಲ್ಲ ಸೇರಿಸಿ ಒಂದು ಸುತ್ತು ಅಂದರೆ 160 ಕಿ.ಮೀ. ಹತ್ತಿರ. ಹೆಚ್ಚಿನವರು ಹಿಂದೆ ಒಂದು ಜೀಪು ಇಟ್ಟುಕೊಂಡು, ಅದರಲ್ಲಿ ನೀರು, ಟೆಂಟು, ಅಡುಗೆ ಸಾಮಾನು ಹೇರಿಕೊಂಡು ಮೂರು ನಾಲ್ಕು ದಿನದಲ್ಲಿ ಮುಗಿಸುತ್ತಾರೆ. ಒಂದೇ ದಿನದಲ್ಲಿ ಮುಗಿಸೋ ಹುಚ್ಚರೂ ಇದ್ದಾರೆ. ನಾನು ಆ ಗುಂಪಿನವಳು.

ಇಷ್ಟು ದೊಡ್ಡ ಜಾಗದಲ್ಲಿ ಬೇಕಾದ ಕಡೆ ಹೋಗಬಹುದು ಅಂತ ಅನಿಸುತ್ತದೆ. ಆಗಲ್ಲ. ಅಲ್ಲಿ ಎಲ್ಲವನ್ನೂ ತೀರ್ಮಾನ ಮಾಡೋದು ಕಲ್ಲು. ಯಾವ ಪದರದ ಮೇಲೆ ಗಾಲಿ ಇದೆ ಅನ್ನೋದರ ಮೇಲೆ ನಿಮ್ಮ ವೇಗ, ನೀರು, ಹೊರಗೆ ಬರುವ ದಾರಿ ಎಲ್ಲ ನಿಂತಿದೆ. ಮ್ಯಾಪು ನೋಡೋಕೆ ಮೊದಲು ಈ ಪದರಗಳನ್ನು ತಿಳಿದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮೇಲಿಂದ ಕೆಳಗೆ ಬರೋಣ. ಮೇಲ್ಭಾಗದಲ್ಲಿ ನವಾಹೋ, ಕಯೆಂಟಾ ಅನ್ನೋ ಮರಳುಗಲ್ಲಿನ ಪದರಗಳು. ಅದರ ಕೆಳಗೆ ವಿಂಗೇಟ್. ಸುಮಾರು 20 ಕೋಟಿ ವರ್ಷ ಹಿಂದೆ ಗಾಳಿಗೆ ಬಂದು ಬಿದ್ದ ಮರಳಿನ ದಿಬ್ಬಗಳು ಗಟ್ಟಿಯಾಗಿ ಆದ ಕಲ್ಲು ಅದು. ವಿಂಗೇಟ್ ಇಳಿಜಾರಾಗಲ್ಲ, ಸೀಳಿಕೊಂಡು ಬೀಳುತ್ತದೆ. ಹಾಗಾಗಿ ಅದು ಇರೋ ಕಡೆಯಲ್ಲೆಲ್ಲ ನೆಟ್ಟಗೆ ನಿಂತ ಕೆಂಪು ಗೋಡೆ. ಅದು ಕುಸಿದು ಕಲ್ಲುರಾಶಿ ಆಗಿರುವ ಕೆಲವೇ ಕಡೆ ಮನುಷ್ಯ, ದನ, ಜೀಪು ಇಳಿಯೋಕೆ ಆಗಿದ್ದು. 160 ಕಿ.ಮೀ. ಸುತ್ತಿನಲ್ಲಿ ಗಾಡಿ ಹತ್ತಿ ಇಳಿಯುವ ಜಾಗ ಎರಡೇ: ಪೂರ್ವಕ್ಕೆ ಶೇಫರ್, ಪಶ್ಚಿಮಕ್ಕೆ ಮಿನರಲ್ ಬಾಟಮ್. ಶೇಫರ್ ಬುಡದಿಂದ ನದಿ ಪಕ್ಕ ಹಿಡಿದು ಮೋಆಬ್‌ಗೆ ಹೋಗುವ ಪೊಟ್ಯಾಷ್ ರಸ್ತೆ ಅಂತ ಇನ್ನೊಂದಿದೆ, ಅಷ್ಟೇ.

ವಿಂಗೇಟ್ ಕೆಳಗೆ ಚಿನ್ಲಿ ಪದರ. ಬೂದಿ, ಹಸಿರು, ನೇರಳೆ ಬಣ್ಣದ ಮೆತ್ತನೆ ಜೇಡಿ. ಒಣಗಿದ್ದಾಗ ಸುಖ. ನಾಲ್ಕು ಹನಿ ಬಿದ್ದರೆ ಮುಗೀತು, ಟೈರಿಗೆ ಮೆತ್ತಿಕೊಂಡು ಗಾಲಿ ಫೋರ್ಕಿನ (ಮುಂದಿನ ಗಾಲಿ ಹಿಡಿದಿರುವ ಕವಲಿನ) ಒಳಗೆ ತಿರುಗೋದನ್ನೇ ನಿಲ್ಲಿಸುತ್ತದೆ. ಸೈಕಲ್ ಹೊತ್ತುಕೊಂಡು ನಡೆಯೋಣ ಅಂದರೆ ಶೂಗೂ ಅದೇ ಗತಿ. ಮಳೆ ಬರುವ ಸೂಚನೆ ಇದ್ದರೆ ನಾನು ಹೊರಡಲ್ಲ, ಎಷ್ಟೇ ತಿಂಗಳಿಂದ ಕಾದಿರಲಿ. ಅದರ ಕೆಳಗೆ ಕಂದು ಬಣ್ಣದ ಮೊಯೆಂಕೋಪಿ. ಅದಾದ ಮೇಲೆ ನಮ್ಮ ಬಿಳಿ ಜಗಲಿ, ಸುಮಾರು 27 ಕೋಟಿ ವರ್ಷದ ಕಲ್ಲು.

ಈ ರಸ್ತೆಯನ್ನು ಸೈಕಲ್‌ನವರಿಗೆ ಅಂತ ಯಾರೂ ಮಾಡಲಿಲ್ಲ. ಅದು ಅಣುಬಾಂಬಿನ ಕಾಲದ ರಸ್ತೆ. 1952ರಲ್ಲಿ ಚಾರ್ಲಿ ಸ್ಟೀನ್ ಅನ್ನೋ ಭೂವಿಜ್ಞಾನಿ, ಜೇಬಿನಲ್ಲಿ ಕಾಸಿಲ್ಲದ ಮನುಷ್ಯ, ಮೋಆಬ್‌ನ ಆಗ್ನೇಯಕ್ಕೆ ಯುರೇನಿಯಂ ನಿಕ್ಷೇಪ ಕಂಡುಹಿಡಿದ. ನಿಕ್ಷೇಪ ಇದ್ದದ್ದು ಈ ಚಿನ್ಲಿ ಪದರದಲ್ಲೇ. ಆಮೇಲೆ ಕೇಳಬೇಕಾ? ಊರು ತುಂಬ ಗೈಗರ್ ಕೌಂಟರ್ ಅನ್ನೋ ವಿಕಿರಣ ಪತ್ತೆ ಯಂತ್ರ ಹಿಡಿದ ಜನ. ಸರ್ಕಾರದ ಅಣುಶಕ್ತಿ ಆಯೋಗವೇ ದುಡ್ಡು ಕೊಟ್ಟು ಕಣಿವೆಗಳ ಒಳಗೆ ರಸ್ತೆ ಹಾಕಿಸಿತು. ವೈಟ್ ರಿಮ್ ರಸ್ತೆ ಹುಟ್ಟಿದ್ದು ಹಾಗೆ. ಬುಲ್ಡೋಜರ್ ಬಂತು, ರಸ್ತೆ ಆಯಿತು, ಯುರೇನಿಯಂ ಮಾತ್ರ ಹೇಳಿಕೊಳ್ಳುವಷ್ಟು ಸಿಗಲಿಲ್ಲ. 1964ರ ಸೆಪ್ಟೆಂಬರ್‌ನಲ್ಲಿ ಜಾಗ ನ್ಯಾಷನಲ್ ಪಾರ್ಕ್ ಆಯಿತು, ರಸ್ತೆ ಉಳಿಯಿತು. ಯುರೇನಿಯಂ ಅದಿರು ಅರೆದ ಕಸ ಮೋಆಬ್‌ನಲ್ಲಿ ಕೊಲರಾಡೋ ನದಿಯ ದಡದಲ್ಲೇ ರಾಶಿ ಬಿದ್ದಿತ್ತು, ಸುಮಾರು 1.6 ಕೋಟಿ ಟನ್. ಅದನ್ನು ರೈಲಿನಲ್ಲಿ ತುಂಬಿ ಸುಮಾರು 50 ಕಿ.ಮೀ. ಉತ್ತರಕ್ಕೆ ಸಾಗಿಸೋ ಕೆಲಸ 2009ರಲ್ಲಿ ಶುರುವಾಯಿತು. ಕೋಟ್ಯಂತರ ಜನರ ಕುಡಿಯೋ ನೀರಿನ ನದಿ ಪಕ್ಕ ಇಷ್ಟು ವರ್ಷ ಅದನ್ನು ಬಿಟ್ಟಿದ್ದರಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ. ಇರಲಿ, ಸವಾರಿಗೆ ಬರೋಣ.

ಮೊದಲು ನೀರು. ವೈಟ್ ರಿಮ್ ಉದ್ದಕ್ಕೂ ಕುಡಿಯುವ ನೀರಿಲ್ಲ. ನಲ್ಲಿ ಇಲ್ಲ, ಅಂಗಡಿ ಇಲ್ಲ, ಬಾವಿ ಇಲ್ಲ. ನದಿ ಕಣ್ಣಿಗೆ ಕಾಣುತ್ತದೆ, ಆದರೆ ಸಾವಿರ ಅಡಿ ಪ್ರಪಾತದ ಕೆಳಗೆ. ಪಶ್ಚಿಮದ ಕಡೆ ರಸ್ತೆ ನದಿ ಪಕ್ಕಕ್ಕೇ ಬರುತ್ತದೆ ನಿಜ, ಆದರೆ ಆ ನೀರಿನಲ್ಲಿ ಮಣ್ಣು ಎಷ್ಟಿರುತ್ತದೆ ಅಂದರೆ ಫಿಲ್ಟರ್ ಹಾಕಿದ ಸ್ವಲ್ಪ ಹೊತ್ತಿಗೇ ಕಟ್ಟಿಕೊಳ್ಳುತ್ತದೆ. ವರ್ಷಕ್ಕೆ ಬೀಳುವ ಮಳೆ 230 ಮಿ.ಮೀ. ಆಸುಪಾಸು. ಚಿತ್ರದುರ್ಗ ಜಿಲ್ಲೆಯ ಒಣ ತಾಲ್ಲೂಕುಗಳಲ್ಲೂ ಇದಕ್ಕಿಂತ ಜಾಸ್ತಿ ಮಳೆ ಆಗುತ್ತದೆ. ಬೇಸಿಗೆಯಲ್ಲಿ 38 ಡಿಗ್ರಿ ದಾಟೋದು ಮಾಮೂಲು, ಹಾಗಾಗಿ ಏಪ್ರಿಲ್, ಮೇ ಇಲ್ಲವೇ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಿಸಿಕೊಳ್ಳಬೇಕು. ನಾನು ಏಪ್ರಿಲ್ ಕೊನೆಯನ್ನು ಆರಿಸಿದೆ. ಅಕ್ಟೋಬರ್‌ಗಿಂತ ಹಗಲು ಎರಡು ಗಂಟೆಗೂ ಜಾಸ್ತಿ ಸಿಗುತ್ತದೆ.

ಪಾರ್ಕಿನವರು ಹೇಳೋದು ದಿನಕ್ಕೆ ಒಬ್ಬರಿಗೆ ನಾಲ್ಕು ಲೀಟರ್. ಅದು ಸುಮ್ನೆ ಓಡಾಡುವವರಿಗೆ. ದಿನವಿಡೀ ಪೆಡಲ್ ತುಳಿಯುವವರಿಗೆ ಎಂಟು ಲೀಟರ್ ಬೇಕು, ಅಂದರೆ ಎಂಟು ಕೆ.ಜಿ. ತೂಕ. ಎಲ್ಲವನ್ನೂ ಬೆನ್ನಿಗೆ ಹಾಕಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ಸೊಂಟ ಹೋಗುತ್ತದೆ. ಬೆನ್ನಿನ ಚೀಲಕ್ಕೆ ಮೂರು, ಉಳಿದದ್ದು ಫ್ರೇಮಿನ ನಡುವಿನ ಚೀಲಕ್ಕೆ ಮತ್ತು ಫೋರ್ಕಿನ ಎರಡು ಪಕ್ಕಕ್ಕೆ. ಇನ್ನೊಂದು ವಿಷಯ: ಬೆಂಗಳೂರಿನಲ್ಲಿ ಬೆವರು ಸುರಿದರೆ ಗೊತ್ತಾಗುತ್ತದೆ, ಅಲ್ಲಿ ಗೊತ್ತೇ ಆಗಲ್ಲ. ಗಾಳಿ ಅಷ್ಟು ಒಣ. ಮೈ ಒಣಗಿಯೇ ಇರುತ್ತದೆ, ಅಂಗಿಯ ಮೇಲೆ ಮಾತ್ರ ಬಿಳಿ ಉಪ್ಪಿನ ಗೆರೆ ಮೂಡಿರುತ್ತದೆ. ಹೋದ ಉಪ್ಪನ್ನು ವಾಪಸ್ ಹಾಕದೆ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಆಮೇಲೆ ಬುದ್ಧಿಯೇ ಮಂಕಾಗುತ್ತದೆ. ಒಬ್ಬಳೇ ಇರುವಾಗ ಬುದ್ಧಿ ಮಂಕಾಗಿದೆ ಅಂತ ಹೇಳೋಕೂ ಪಕ್ಕದಲ್ಲಿ ಜನ ಇರಲ್ಲ. ಅದಕ್ಕೆ ಉಪ್ಪಿನ ಪುಡಿ ಬೆರೆಸಿದ ನೀರು ಒಂದು ಬಾಟಲಿ, ಬರೀ ನೀರು ಒಂದು ಬಾಟಲಿ. ಬಾಯಾರಿಕೆಗೆ ಕಾಯದೆ ಗಡಿಯಾರ ನೋಡಿ ಕುಡಿಯೋದು. ತಿನ್ನೋಕೆ ಚಟ್ನಿಪುಡಿ ಸವರಿ ಸುತ್ತಿದ ಚಪಾತಿ, ಹುರಿದ ಕಡಲೆಕಾಯಿ, ಖರ್ಜೂರ. ಚಪಾತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಡಬೇಕು. ಅಲ್ಲಿಯ ಗಾಳಿಗೆ ತೆರೆದಿಟ್ಟರೆ ಅರ್ಧ ಗಂಟೆಯಲ್ಲಿ ಮಡಚಿದರೆ ಮುರಿಯುತ್ತದೆ.

ಟೈರಿನ ವಿಷಯ. ಮೋಆಬ್‌ನ ರಸ್ತೆ ಬದಿಯಲ್ಲಿ, ಪಾರ್ಕಿಂಗ್ ಜಾಗದಲ್ಲಿ ಪಂಕ್ಚರ್ ಮಾಡುವ ಮುಳ್ಳು ಯಾವುದು ಗೊತ್ತಾ? ನಮ್ಮ ನೆಗ್ಗಿಲು ಮುಳ್ಳೇ. ಹಳೇ ಜಗತ್ತಿನ ಗಿಡ, ಹೇಗೋ ಅಮೆರಿಕ ಸೇರಿ ಅಲ್ಲಿ ಕಳೆಯಾಗಿದೆ. ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಅದರ ಪರಿಚಯ ಮಾಡಿಸಬೇಕಿಲ್ಲ. ಟ್ಯೂಬ್‌ಲೆಸ್ ಟೈರು, ಒಳಗೆ ತೂತು ಮುಚ್ಚುವ ದ್ರವ, ಜೊತೆಗೆ ಒಂದು ಟ್ಯೂಬು, ಪಂಪು, ಚೈನಿನ ಕೊಂಡಿ. ಇಷ್ಟಿಲ್ಲದೆ ಇಳಿಯಬೇಡಿ.

ಇನ್ನೊಂದು ತಯಾರಿ ಒಂದು ತುಂಡು ಟೇಪು. ಹ್ಯಾಂಡಲ್ ಮೇಲೆ ಅಂಟಿಸಿ ಪೆನ್ನಿನಲ್ಲಿ ಬರೆದಿದ್ದೆ: "ಮರ್ಫಿ, 12 ಗಂಟೆ, 4 ಲೀಟರ್." ಮರ್ಫಿ ಹಾಗ್‌ಬ್ಯಾಕ್ ಅನ್ನೋ ದಿಣ್ಣೆ ಹೆಚ್ಚುಕಡಿಮೆ ನಡುದಾರಿ. ಅಲ್ಲಿಯ ತನಕ ವಾಪಸ್ ಬರಬಹುದು, ಅದನ್ನು ದಾಟಿದರೆ ಮುಂದೆ ಹೋಗೋದೇ ಸರಿ. ಮಧ್ಯಾಹ್ನ ಹನ್ನೆರಡರ ಒಳಗೆ, ನಾಲ್ಕು ಲೀಟರ್ ಉಳಿಸಿಕೊಂಡು ಅಲ್ಲಿಗೆ ತಲುಪದಿದ್ದರೆ ತಿರುಗಬೇಕು. ಈ ತೀರ್ಮಾನವನ್ನು ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ಮಾಡಬೇಕು. ಅಲ್ಲಿ, ಬಿಸಿಲಲ್ಲಿ, ಎದುರಿನ ತಿರುವು ಕರೆಯುತ್ತಿರುವಾಗ ಮಾಡೋಕೆ ಹೋದರೆ ಮನಸ್ಸು ನೂರು ನೆಪ ಹೇಳುತ್ತದೆ.

ಹೊರಟಿದ್ದು ಕತ್ತಲಲ್ಲಿ. ಮಿನರಲ್ ಬಾಟಮ್ ರಸ್ತೆ ಹೆದ್ದಾರಿಗೆ ಸೇರುವ ಕಡೆ ಕಾರು ನಿಲ್ಲಿಸಿ, ಡಾಂಬರು ರಸ್ತೆಯಲ್ಲಿ ದೀಪ ಹಾಕಿಕೊಂಡು ಶೇಫರ್ ತನಕ. ಕೈಬೆರಳು ಮರಗಟ್ಟುವ ಚಳಿ. ಮರುಭೂಮಿಯಲ್ಲಿ ರಾತ್ರಿಗೂ ಹಗಲಿಗೂ 20 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ ಅಂತ ಓದಿದ್ದೆ, ಅವತ್ತು ಬೆರಳಿಗೆ ಗೊತ್ತಾಯಿತು. ಬೆಳಕು ಹರಿಯೋ ಹೊತ್ತಿಗೆ ಶೇಫರ್ ಅಂಚಿನಲ್ಲಿದ್ದೆ.

ಶೇಫರ್ ಮೊದಲು ಅಲ್ಲಿಯ ಮೂಲನಿವಾಸಿಗಳ ಕಾಲುದಾರಿ. ಆಮೇಲೆ ಶೇಫರ್ ಮನೆತನದವರು ದನ ಮೇಯಿಸೋಕೆ ಬಳಸಿದರು, 1950ರ ದಶಕದಲ್ಲಿ ಲಾರಿ ಓಡಿತು. ಈಗ ನೋಡಿದರೂ, ಲಾರಿ ಹೇಗೆ ತಿರುಗುತ್ತಿತ್ತೋ ದೇವರೇ ಬಲ್ಲ. ಒಂದು ಪಕ್ಕ ಕೆಂಪು ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ. ತಡೆಗೋಡೆಯೂ ಇಲ್ಲ. ಇಲ್ಲಿ ಬ್ರೇಕನ್ನು ಒಂದೇ ಸಮ ಹಿಡಿದುಕೊಂಡು ಇಳಿದರೆ ಡಿಸ್ಕ್ ಕಾದು ವಾಸನೆ ಬರುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿಯಬೇಕು, ತಿರುವಿನಲ್ಲಿ ಬಿಡಬೇಕು. ಇಳಿಯುತ್ತಾ ದೂರದಲ್ಲಿ ನೀಲಿ ಬಣ್ಣದ ಕೊಳಗಳು ಕಾಣಿಸಿದವು. ಕೆಂಪು ಮಣ್ಣಿನ ನಡುವೆ ಆ ನೀಲಿ ಎಷ್ಟು ಎದ್ದು ಕಾಣುತ್ತದೆಂದರೆ ಯಾರೋ ಬಣ್ಣ ಚೆಲ್ಲಿದ್ದಾರೆ ಅನಿಸುತ್ತದೆ, ನಿಜಕ್ಕೂ ಬಣ್ಣ ಹಾಕಿಯೇ ಇದ್ದಾರೆ! ನಮ್ಮ ರೈತರು ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಇದೆಯಲ್ಲ, ಅದನ್ನು ತೆಗೆಯುವ ಗಣಿ ಅದು. ಸುಮಾರು 30 ಕೋಟಿ ವರ್ಷ ಹಿಂದಿನ ಸಮುದ್ರ ಬತ್ತಿ ಉಳಿದ ಉಪ್ಪಿನ ಪದರ ನೆಲದಡಿ ಇದೆ, ಅದಕ್ಕೆ ನೀರು ತಳ್ಳಿ ಕರಗಿಸಿ, ಮೇಲಕ್ಕೆ ತಂದು ಬಿಸಿಲಿಗೆ ಒಣಗಿಸುತ್ತಾರೆ. ಬಿಸಿಲನ್ನು ಜಾಸ್ತಿ ಹೀರಿ ಬೇಗ ಆವಿಯಾಗಲಿ ಅಂತ ನೀಲಿ ಬಣ್ಣ. ಮೊದಲು ಅಲ್ಲಿ ಜನ ಒಳಗಿಳಿದು ಅಗೆಯಬೇಕಿತ್ತು. 1963ರಲ್ಲಿ ಗಣಿಯೊಳಗೆ ಸ್ಫೋಟ ಆಗಿ 18 ಜನ ಸತ್ತರು.

ಕೆಳಗೆ ಬಿಳಿ ಕಲ್ಲು ಸಿಕ್ಕ ಕೂಡಲೇ ಗಾಲಿಯ ಸದ್ದೇ ಬದಲಾಗುತ್ತದೆ. ಜಲ್ಲಿಯ ಕರಕರ ನಿಂತು ಟೈರು ಗುಂಯ್ ಅನ್ನುತ್ತದೆ. ಸ್ವಲ್ಪ ದೂರದಲ್ಲಿ ಮಸಲ್‌ಮನ್ ಕಮಾನು. ಜಗಲಿಯ ಅಂಚಿನಲ್ಲಿ ಕಲ್ಲಿನ ಒಂದು ಪಟ್ಟಿ ಮಾತ್ರ ಸೇತುವೆಯ ಹಾಗೆ ಉಳಿದುಕೊಂಡಿದೆ. ಮೊದಲೆಲ್ಲ ಅದರ ಮೇಲೆ ನಡೆದು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಈಗ ಬಿಡಲ್ಲ. ಒಳ್ಳೆಯದೇ ಆಯಿತು. ಅಂಚಿನಲ್ಲಿ ಮಂಡಿಯೂರಿ ನೋಡಿದರೆ ಕಾರಣ ಕಾಣುತ್ತದೆ: ಮೇಲಿನ ಬಿಳಿ ಕಲ್ಲು ಗಟ್ಟಿ, ಅದರ ಕೆಳಗಿನ ಕೆಂಪು ಪದರ ಮೆತ್ತಗೆ. ಮಳೆ, ಗಾಳಿ ಕೆಳಗಿನದನ್ನು ತಿಂದು ಹಾಕಿವೆ, ಮೇಲಿನದು ಸುಮ್ನೆ ಗಾಳಿಯಲ್ಲಿ ಚಾಚಿ ನಿಂತಿದೆ. ನೀವು ಕೂತು ಚಪಾತಿ ತಿನ್ನೋ ಜಾಗದ ಕೆಳಗೆ ನೆಲವೇ ಇರಲ್ಲ.

ಪೂರ್ವದ ಭಾಗ ಪೂರ್ತಿ ತಾಳ್ಮೆಯ ಪರೀಕ್ಷೆ. ಪ್ರತಿ ಉಪಕಣಿವೆಯ ತಲೆ ಸುತ್ತಿಯೇ ಹೋಗಬೇಕು. ಎದುರಿನ ದಡ ಕೂಗಿದರೆ ಕೇಳುವಷ್ಟು ಹತ್ತಿರ, ಅಲ್ಲಿಗೆ ಹೋಗೋಕೆ ಅರ್ಧ ಗಂಟೆ. ವಾಷರ್ ವುಮನ್ ಅಂತ ಒಂದು ಬಂಡೆ ಇದೆ, ಬಾಗಿ ಬಟ್ಟೆ ಒಗೆಯುತ್ತಿರುವ ಹೆಂಗಸಿನ ಆಕಾರ. ಬೆಳಿಗ್ಗೆ ಬಲಕ್ಕೆ ಕಂಡಳು, ಎಷ್ಟೋ ಹೊತ್ತಿನ ಮೇಲೂ ಬಲಕ್ಕೇ ಇದ್ದಳು. ಇನ್ನೂ ಒಗೆಯುತ್ತಲೇ ಇದ್ದಳು.

ದಣಿವಾರಿಸಿಕೊಳ್ಳೋಕೆ ಸೈಕಲ್‌ನಿಂದ ಇಳಿದಾಗ ಕಾಲು ಎಲ್ಲಿ ಇಡುತ್ತೀರಿ ಅನ್ನೋದು ಮುಖ್ಯ. ಕಲ್ಲಿನ ಮೇಲೆ, ಒಣ ಹಳ್ಳದ ಮರಳಿನ ಮೇಲೆ, ಇಲ್ಲವೇ ರಸ್ತೆಯಲ್ಲೇ. ಪೊದೆಗಳ ನಡುವಿನ ಮಣ್ಣಿನ ಮೇಲೆ ಬೇಡವೇ ಬೇಡ. ಬಗ್ಗಿ ನೋಡಿ: ಮಣ್ಣಿನ ಮೇಲೆ ಕಪ್ಪು, ಉಬ್ಬುತಗ್ಗಿನ ಒಂದು ಪೊರೆ, ಬೆರಳಿನ ಗಾತ್ರದ ಪುಟ್ಟ ಪುಟ್ಟ ಗೋಪುರಗಳು. ಅದು ಜೀವ ಇರುವ ಮಣ್ಣು. ಸಯನೋಬ್ಯಾಕ್ಟೀರಿಯಾ ಅನ್ನೋ ಸೂಕ್ಷ್ಮಜೀವಿಗಳು, ಜೊತೆಗೆ ಕಲ್ಲುಹೂವು, ಪಾಚಿ. ಸಯನೋಬ್ಯಾಕ್ಟೀರಿಯಾದ ಅಂಟಿನ ಎಳೆಗಳು ಮರಳಿನ ಕಣಗಳನ್ನು ಕಟ್ಟಿ ಹಿಡಿದಿವೆ. ಮಣ್ಣು ಗಾಳಿಗೆ ಹಾರದಂತೆ, ಮಳೆಗೆ ಕೊಚ್ಚಿಹೋಗದಂತೆ ಕಾಯೋದು ಇವೇ. ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸೋದೂ ಇವೇ. ಒಂದು ಹೆಜ್ಜೆಗೆ ಪುಡಿಯಾದರೆ ಮತ್ತೆ ಬೆಳೆಯೋಕೆ ದಶಕಗಳು ಬೇಕು. ಕಲ್ಲಿನ ಗುಂಡಿಗಳಲ್ಲಿ ನಿಂತ ಮಳೆನೀರನ್ನೂ ಹಾಗೇ ಬಿಡಿ. ಅಂಗೈಯಷ್ಟು ನೀರಿನಲ್ಲಿ ಉಗುರಿಗಿಂತ ಚಿಕ್ಕ ಸಿಗಡಿಗಳು ಈಜುತ್ತಿರುತ್ತವೆ. ಗುಂಡಿ ಒಣಗಿದರೆ ಅವುಗಳ ಮೊಟ್ಟೆ ವರ್ಷಗಟ್ಟಲೆ ಧೂಳಲ್ಲಿ ಕಾದು, ಮತ್ತೆ ಮಳೆ ಬಂದಾಗ ಒಡೆಯುತ್ತವೆ. ನಾವು ಮುಖ ತೊಳೆಯೋಣ ಅಂತ ಕೈ ಹಾಕಿದರೆ ಕೈಯಲ್ಲಿರೋ ಸನ್‌ಸ್ಕ್ರೀನೇ ಅವಕ್ಕೆ ವಿಷ.

ಮರ್ಫಿ ದಿಣ್ಣೆಗೆ ಹನ್ನೆರಡರ ಒಳಗೇ ಬಂದೆ. ಏರು ಗಿಡ್ಡ, ಆದರೆ ಕಡಿದು. ಸಡಿಲ ಕಲ್ಲು, ಮುಂದಿನ ಗಾಲಿ ಮೇಲೆದ್ದು ಬಿಡುತ್ತದೆ. ಇಳಿದು ತಳ್ಳಿದೆ. ಅಲ್ಲಿ ಕೂತೇ ಹತ್ತಿದೆ ಅನ್ನುವವರಿಗೆ ನನ್ನ ನಮಸ್ಕಾರ, ನನಗೆ ಆ ಹಟ ಇಲ್ಲ, ಕಾಲನ್ನು ಸಂಜೆಗೆ ಉಳಿಸಿಕೊಳ್ಳಬೇಕಿತ್ತು. ಮೇಲೆ ಜೀಪಿನವರು ಊಟ ಮಾಡುತ್ತಿದ್ದರು. ಒಬ್ಬಳೇನಾ ಅಂತ ಕೇಳಿದರು, ಒಂದು ಕಿತ್ತಳೆ ಕೊಟ್ಟರು. ಬಾಟಲಿಗಳನ್ನು ಎತ್ತಿ ನೋಡಿದೆ, ನಾಲ್ಕು ಲೀಟರ್‌ಗಿಂತ ತುಸು ಜಾಸ್ತಿಯೇ ಇತ್ತು. ಮುಂದೆ ಹೊರಟೆ.

ಪಶ್ಚಿಮದಲ್ಲಿ ರಸ್ತೆ ನಿಧಾನಕ್ಕೆ ಇಳಿಯುತ್ತಾ ಗ್ರೀನ್ ನದಿಯ ಮಟ್ಟಕ್ಕೆ ಬರುತ್ತದೆ. ಬೆಳಗಿನಿಂದ ಕಲ್ಲು ನೋಡಿದ ಕಣ್ಣಿಗೆ ದಡದ ಕಾಟನ್‌ವುಡ್ ಮರಗಳ ಎಳೆ ಹಸಿರು ಹಬ್ಬ. ಪಕ್ಕದಲ್ಲೇ ಟ್ಯಾಮರಿಸ್ಕ್ ಪೊದೆ. ಇದೂ ಹೊರಗಿನಿಂದ ಬಂದ ಗಿಡ, ದಡವನ್ನೆಲ್ಲ ನುಂಗಿದೆ, ಅದನ್ನು ತಿನ್ನಲಿ ಅಂತಲೇ ಒಂದು ಜಾತಿಯ ಜೀರುಂಡೆ ತಂದು ಬಿಟ್ಟಿದ್ದಾರೆ. 1869ರಲ್ಲಿ ಜಾನ್ ವೆಸ್ಲಿ ಪೊವೆಲ್ ಅನ್ನೋ ಅನ್ವೇಷಕ ದೋಣಿಯಲ್ಲಿ ಈ ನದಿ ಇಳಿದು ಬಂದ. ಅಮೆರಿಕದ ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡವನು. ಲ್ಯಾಬಿರಿಂತ್, ಸ್ಟಿಲ್‌ವಾಟರ್ ಅಂತ ಇಲ್ಲಿಯ ಕಣಿವೆಗಳಿಗೆ ಹೆಸರಿಟ್ಟವನೂ ಅವನೇ. ನದಿ ಹತ್ತಿರ ಬಂತು ಅಂದರೆ ಮರಳೂ ಬಂತು ಅಂತ ಅರ್ಥ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಹಿಂದಕ್ಕೆ ಕೂತು, ಹ್ಯಾಂಡಲ್ ತಿರುಗಿಸದೆ ಒಂದೇ ಸಮ ತುಳಿಯಬೇಕು. ನಿಂತಿರೋ, ಮತ್ತೆ ಹೊರಡೋಕೆ ಆಗಲ್ಲ, ತಳ್ಳಬೇಕು. ಹಾರ್ಡ್‌ಸ್ಕ್ರಾಬಲ್ ಅನ್ನೋ ಏರಿನಲ್ಲಿ ಮತ್ತೆ ತಳ್ಳಿದೆ. ಆ ಭಾಗದ ಬಗ್ಗೆ ಹೇಳೋಕೆ ಬೇರೇನೂ ಇಲ್ಲ, ತಳ್ಳಿದ್ದೇ ನೆನಪು.

ಕೊನೆಗೆ ಮಿನರಲ್ ಬಾಟಮ್ ಏರು. 2010ರ ಆಗಸ್ಟ್‌ನಲ್ಲಿ ಒಂದು ಜೋರು ಮಳೆಗೆ ಈ ತಿರುವುಗಳು ಕೊಚ್ಚಿಹೋಗಿ, ಮರುವರ್ಷ ಹೊಸದಾಗಿ ಕಟ್ಟಿದರು. ಅಲ್ಲಿಯ ಮಳೆ ಕಡಿಮೆ ನಿಜ, ಆದರೆ ಬಂದರೆ ಇಂಗಲ್ಲ, ಬೋಳು ಕಲ್ಲಿನ ಮೇಲೆ ಅಷ್ಟೂ ನೀರು ಹರಿದು ಹಳ್ಳಕ್ಕೆ ನುಗ್ಗುತ್ತದೆ. ಏರು ಕಡಿದೇನೋ ಹೌದು, ಮಣ್ಣು ಗಟ್ಟಿ, ಚಿಕ್ಕ ಗೇರು ಹಾಕಿ ಕೂತೇ ಹತ್ತಿದೆ. ಮೋಸ ಇರೋದು ಆಮೇಲೆ. ಅಂಚು ಹತ್ತಿದ ಕೂಡಲೇ ಮುಗೀತು ಅಂತ ಮನಸ್ಸು ಅನ್ನುತ್ತದೆ. ಕಾರು ಇನ್ನೂ 20 ಕಿ.ಮೀ. ಆಚೆ, ಮಣ್ಣು ರಸ್ತೆ, ಕಣ್ಣಿಗೆ ಸಮತಟ್ಟು, ಕಾಲಿಗೆ ಏರು. ಇದಕ್ಕೆ ಅಂತಲೇ ಒಂದು ಲೀಟರ್ ನೀರು, ಒಂದು ಚಪಾತಿ ಮುಟ್ಟದೆ ಇಟ್ಟಿದ್ದೆ.

ಇನ್ನು ಪ್ರಶ್ನೆಗಳು.

"ಒಬ್ಬಳೇ ಹೋಗೋಕೆ ಭಯ ಆಗಲ್ವಾ ಮೇಡಂ?" ಜನರ ಭಯ ಇಲ್ಲ, ದಿನಕ್ಕೆ ಸಿಗುವವರು ಬೆರಳೆಣಿಕೆ, ಸಿಕ್ಕವರು ನೀರು ಬೇಕಾ ಅಂತಲೇ ಮೊದಲು ಕೇಳುತ್ತಾರೆ. ಕಾಲು ಮುರಿದರೆ ಏನು ಅನ್ನೋ ಭಯ ಇದೆ, ಇರಬೇಕು. ಫೋನಿಗೆ ಸಿಗ್ನಲ್ ಸಿಗೋದು ಅಪರೂಪ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಪುಟ್ಟ ಸಾಧನ ಇಟ್ಟುಕೊಂಡಿದ್ದೆ. ಅದನ್ನು ಚೀಲದಲ್ಲಿ ಇಡಬೇಡಿ, ಬಿದ್ದಾಗ ಚೀಲ ಒಂದು ಕಡೆ ನೀವು ಒಂದು ಕಡೆ ಆಗಬಹುದು, ಮೈಮೇಲೇ ಇರಲಿ. ರಾತ್ರಿ ಒಂಬತ್ತಕ್ಕೆ ನನ್ನ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಗೆಳತಿಗೆ ಬರೆದು ಕೊಟ್ಟಿದ್ದೆ.

"ಪರ್ಮಿಟ್ ಬೇಕಾ?" ಬೇಕು. ದಿನಕ್ಕೆ 50 ಸೈಕಲ್‌ಗಳಿಗೆ ಮಾತ್ರ ಕೊಡುತ್ತಾರೆ. ವಸಂತದ ಶನಿವಾರ, ಭಾನುವಾರ ಬೇಗ ಮುಗಿಯುತ್ತದೆ, ವಾರದ ನಡುವೆ ನೋಡಿ.

"ಯಾವ ಸೈಕಲ್?" ಎಂಟಿಬಿ, ಅಂದರೆ ಮೌಂಟನ್ ಬೈಕ್. ಮುಂದೆ ಸಸ್ಪೆನ್ಷನ್ ಇದ್ದರೆ ಸಾಕು. ಜಲ್ಲಿ ರಸ್ತೆಗೆ ಅಂತ ಮಾಡಿದ ಗ್ರಾವೆಲ್ ಬೈಕಿನಲ್ಲೂ ಮಾಡುತ್ತಾರೆ, ಆದರೆ ಆ ಮರಳು, ಆ ಕಲ್ಲಿನ ಮೆಟ್ಟಿಲುಗಳಲ್ಲಿ ಕೈ ನಡುಗಿ ಹೋಗುತ್ತದೆ.

"ಅಷ್ಟು ದೂರ ನನ್ನ ಕೈಲಿ ಆಗಲ್ಲ, ಮಗಳು ಡೆನ್ವರಲ್ಲಿದ್ದಾಳೆ, ಹೋದಾಗ ಸಣ್ಣದಾಗಿ ಏನಾದರೂ ಮಾಡಬಹುದಾ?" ಖಂಡಿತ. ವಿಸಿಟರ್ ಸೆಂಟರ್ ಹತ್ತಿರ ಕಾರು ನಿಲ್ಲಿಸಿ, ಶೇಫರ್ ಇಳಿದು, ಮಸಲ್‌ಮನ್ ಕಮಾನಿನ ತನಕ ಹೋಗಿ ಬನ್ನಿ. ಅರ್ಧ ದಿನದ ಕೆಲಸ. ಶೇಫರ್ ಇಳಿಯೋಕೆ ಪರ್ಮಿಟ್ ಬೇಡ, ಕಮಾನಿನ ಕಡೆ ವೈಟ್ ರಿಮ್ ರಸ್ತೆಗೆ ತಿರುಗಿದರೆ ಬೇಕು. ವಾಪಸ್ ಹತ್ತುವಾಗ ಅದೇ ಕಡಿದು ಏರು, ಮೇಲಾಗಿ ಹತ್ತು ಗಂಟೆ ಆದ ಮೇಲೆ ಜೀಪುಗಳು ಧೂಳೆಬ್ಬಿಸಿಕೊಂಡು ಇಳಿಯೋಕೆ ಶುರುಮಾಡುತ್ತವೆ. ಅಷ್ಟರೊಳಗೆ ಏರಿನ ಬುಡಕ್ಕೆ ಬಂದಿರಿ. ನಾಲ್ಕು ಲೀಟರ್ ನೀರು ಸಾಕು, ಅದಕ್ಕಿಂತ ಕಡಿಮೆ ಬೇಡ.